ಹಲ್ಲುನೋವಿಗೆ ಸಾಲವೇಕೆ?

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಹೆಚ್ಚು ಓದಿದವರಲ್ಲ. ಊರು ಬಿಟ್ಟು ಬಂದು ಈ ಚೆನ್ನೈ ನಗರದ ಹೋಟೆಲುಗಳಲ್ಲಿ ಲೋಟ ತೊಳೆದು, ಸಪ್ಲೈ ಮಾಡಿ ಬದುಕಿದವರು. ಆದುದರಿಂದ ಕಾಯಿದೆಯ ಸಂಗತಿಯನ್ನು ನಮ್ಮ ಮಾತಿನಲ್ಲೇ ಹೇಳುತ್ತೇವೆ.

ನಮ್ಮೊಡನೆ ದೋಸೆಕಲ್ಲಿನ ಮುಂದೆ ನಿಲ್ಲುತ್ತಿದ್ದ ಗೆಳೆಯರೊಬ್ಬರಿಗೆ ದವಡೆಹಲ್ಲು ನೋವು ಬಂತು. ವಾರವಿಡೀ ಲವಂಗ ಕಚ್ಚಿಕೊಂಡು ದುಡಿದರು. ಕೆನ್ನೆ ಊದಿದ ಮೇಲೆ ಬಡ್ಡಿಗೆ ಸಾಲ ತಂದು ಖಾಸಗಿ ದಂತವೈದ್ಯರಲ್ಲಿ ಹಲ್ಲು ಕೀಳಿಸಿಕೊಂಡರು. ಆಮೇಲೆ ರಸೀದಿ ಹಿಡಿದು ಇ.ಎಸ್.ಐ. ಹಣ ಕೇಳಿದರೆ, "ಮೊದಲೇ ಡಿಸ್ಪೆನ್ಸರಿಗೆ ಏಕೆ ಬರಲಿಲ್ಲ?" ಎಂಬ ಉತ್ತರ ಬಂತು. ಹಲ್ಲು ಹೋಯಿತು, ಹಣ ಹೋಯಿತು, ಬಡ್ಡಿ ಉಳಿಯಿತು. ನಿಯಮವನ್ನು ಮೊದಲೇ ತಿಳಿಸದ ತಪ್ಪು ನಮ್ಮದೂ ಹೌದು.

ಇ.ಎಸ್.ಐ. ಯಾರ ದಾನವೂ ಅಲ್ಲ. 2019ರ ಜುಲೈಯಿಂದ ನಮ್ಮ ಸಂಬಳದಲ್ಲಿ ನೂರಕ್ಕೆ 0.75, ಮಾಲೀಕರಿಂದ 3.25 ಎಂದು ಗೊತ್ತುಮಾಡಿದ್ದಾರೆ. 12,000 ರೂಪಾಯಿ ಸಂಬಳಕ್ಕೆ ನಮ್ಮದು 90, ಅವರದು 390. ಹಲ್ಲಿನ ಚಿಕಿತ್ಸೆಯೂ ಇದರಲ್ಲಿ ಸೇರಿದೆ. ನಮ್ಮ ಕಲಬುರಗಿಯಲ್ಲಿ ಇ.ಎಸ್.ಐ. ನಿಗಮವು ದಂತವೈದ್ಯ ಕಾಲೇಜನ್ನೇ ನಡೆಸುತ್ತಿದೆ.

ದಾರಿ ಹೀಗಿದೆ. ಮೊದಲು ಡಿಸ್ಪೆನ್ಸರಿ. ಅಲ್ಲಿ ಆಗದಿದ್ದರೆ ಚೀಟಿ ಬರೆಸಿಕೊಂಡು ಕೆ.ಕೆ. ನಗರ, ಅಯನಾವರಗಳಲ್ಲಿರುವಂಥ ಇ.ಎಸ್.ಐ. ಆಸ್ಪತ್ರೆ. ಅಲ್ಲಿಯೂ ಸೌಕರ್ಯವಿಲ್ಲದಿದ್ದರೆ ಅವರೇ ಒಪ್ಪಂದದ ಖಾಸಗಿ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಆ ಆಸ್ಪತ್ರೆ ಬಿಲ್ಲನ್ನು ನಿಗಮಕ್ಕೆ ಕಳಿಸತಕ್ಕದ್ದು. ನಿಗಮ ನೇರವಾಗಿ ಅವರಿಗೇ ಹಣ ಕೊಡತಕ್ಕದ್ದು. ಮೊದಲು ಕೈಯಿಂದ ಕೊಟ್ಟು ಆಮೇಲೆ ಪಡೆಯುವ ಪದ್ಧತಿ ಉಳ್ಳವರಿಗೆ ಸರಿ. ದಿನದ ಖರ್ಚಿಗೇ ಸಾಲದವನಿಗೆ ಅದು ಸಾಲಗಾರನ ಮನೆ ತೋರಿಸುವ ದಾರಿ. ಆದುದರಿಂದಲೇ ಹಣ ನೇರವಾಗಿ ವೈದ್ಯರಿಗೆ ಸಲ್ಲುವ ಈ ಕ್ರಮವನ್ನು ನಾವು ಬಿಡಬಾರದು.

ಆದರೆ ಎಚ್ಚರ! ಹಣ ನಮ್ಮ ಕೈ ಮುಟ್ಟದಿದ್ದರೂ ಅದು ನಮ್ಮ ಬೆವರಿನ ಹಣ. ಬರೆಯದ ಕಾಗದಕ್ಕೆ ರುಜು ಹಾಕಬೇಡಿ. ಒಂದು ಹಲ್ಲು ಕಿತ್ತು ಮೂರೆಂದು ಬರೆದರೆ ಕೇಳಿ. ಚೀಟಿಯಿದ್ದೂ ನಿಮ್ಮಿಂದ ಹಣ ಕೇಳಿದರೆ ಸಂಘಕ್ಕೆ ಬಂದು ಹೇಳಿ.

ಕೊನೆಯ ಮಾತು. ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಈ ನಿಯಮಗಳೆಲ್ಲ ನೀರಿನ ಮೇಲಿನ ಬರಹ. ಹತ್ತು ಮಂದಿ ದುಡಿಯುವ ಹೋಟೆಲಿನಲ್ಲಿ ಕ್ಲೀನರ್ ಹುಡುಗನ ಹೆಸರೂ ಇರಬೇಕು. ನಾಳೆಯೇ ಗಲ್ಲಾದ ಬಳಿ ಹೋಗಿ ನಿಮ್ಮ ಇ.ಎಸ್.ಐ. ನಂಬರು ಕೇಳಿರಿ. ಒಬ್ಬರೇ ಹೋಗಬೇಡಿ, ಎಲ್ಲರೂ ಕೂಡಿ ಹೋಗಿರಿ.