ಕೆನಡದ ಪ್ರಾಂತಗಳೂ ನಮ್ಮ ನಿಪುಣ ತರುಣರೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ವೇದಿಕೆಯ ಮೇಲೆ ನಿಂತವನು ನಾಡು ನುಡಿಗಳ ವಿಚಾರವಾಗಿ ನಾಲ್ಕು ಮಾತನ್ನಾಡುವುದು ವಾಡಿಕೆ. ಕಾರ್ಯದರ್ಶಿಗಳು ನನಗೆ ಬೇರೊಂದು ಹೊಣೆಯನ್ನು ಹೊರಿಸಿದ್ದಾರೆ. ಕುಂಬಳೆಯಿಂದ ಮುಳ್ಳೇರಿಯದವರೆಗೆ ಎಷ್ಟೋ ಮನೆಗಳಲ್ಲಿ ಇಂದು ರಾತ್ರಿಯ ಊಟದ ಹೊತ್ತಿಗೆ ನಡೆಯುವ ಮಾತು ಕೆನಡ ದೇಶದ್ದು. ಮಗನೋ ಮಗಳೋ ಅಲ್ಲಿಗೆ ಹೋಗಬಹುದೇ, ಹೋಗುವುದಾದರೆ ಯಾವ ದಾರಿಯಿಂದ, ಏಜೆಂಟನು ಕೇಳಿದಷ್ಟು ಹಣವನ್ನು ಅಡಕೆ ತೋಟವನ್ನು ಅಡವಿಟ್ಟಾದರೂ ಕೊಡಬಹುದೇ ಎಂಬ ಪ್ರಶ್ನೆಗಳು ನಮ್ಮ ಸಂಘದ ಬಾಗಿಲಿಗೂ ಬಂದು ತಟ್ಟುತ್ತಿವೆ. ಅವುಗಳಿಗೆ ನನಗೆ ತಿಳಿದಷ್ಟನ್ನು ಅರಿಕೆ ಮಾಡುತ್ತೇನೆ.

ಕೊಲ್ಲಿ ನಾಡುಗಳಿಗೆ ಹೋಗುವುದೆಂದರೇನೆಂದು ನಮ್ಮ ಜಿಲ್ಲೆಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಅಲ್ಲಿಯ ವೀಸಾ ಬಹುಮಟ್ಟಿಗೆ ಕೆಲಸಕ್ಕೆ ಕಟ್ಟಿದ ಹಗ್ಗ; ಕೆಲಸ ತೀರಿತೆಂದರೆ ಮನುಷ್ಯನು ಊರಿಗೆ ಮರಳುತ್ತಾನೆ, ಮನೆ ಕಟ್ಟುತ್ತಾನೆ. ಕೆನಡದ ಸಂಗತಿ ಹಾಗಲ್ಲ. ಅಲ್ಲಿ ಕೊಡುವುದು ಕಾಯಂ ವಾಸದ ಹಕ್ಕು. ಹೆಂಡತಿ ಮಕ್ಕಳೊಡನೆ ಹೋಗಿ ನೆಲೆಸುವ ಹಕ್ಕು. ಆದುದರಿಂದಲೇ ಅವರು ಆರಿಸುವ ರೀತಿಯೂ ಬೇರೆ. ಈ ದೇಶವೇ ಒಂದು ಕಾಲದಲ್ಲಿ ನಮ್ಮವರಿಗೆ ಬಾಗಿಲು ಮುಚ್ಚಿತ್ತು. 1914ರಲ್ಲಿ 'ಕೊಮಾಗಾಟ ಮಾರು' ಹಡಗಿನಲ್ಲಿ ಹೋದವರಲ್ಲಿ ಬಹುತೇಕರನ್ನು ವ್ಯಾಂಕೂವರ್ ಬಂದರಿನಿಂದಲೇ ಹಿಂದಕ್ಕಟ್ಟಿತು. 1967ರಲ್ಲಿ ಜನಾಂಗವನ್ನು ನೋಡದೆ ವಿದ್ಯೆ, ವಯಸ್ಸು, ಭಾಷೆ, ಅನುಭವಗಳಿಗೆ ಅಂಕ ಕೊಟ್ಟು ಆರಿಸುವ ಪದ್ಧತಿ ಬಂದಿತು. ಇಂದಿನ ಎಲ್ಲ ಯೋಜನೆಗಳ ಬೇರು ಅಲ್ಲಿಯೇ ಇದೆ.

ಪ್ರಾಂತಗಳಿಗೆ ಇದರಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ನಮ್ಮ ದೇಶದಲ್ಲಿ ಹೊರನಾಡಿನವರನ್ನು ಒಳಬಿಡುವ ಅಧಿಕಾರ ಕೇಂದ್ರಕ್ಕೆ ಮಾತ್ರ ಸೇರಿದ್ದು. ಕೆನಡದಲ್ಲಿ 1867ರ ಸಂವಿಧಾನದ 95ನೆಯ ಕಲಮು ವ್ಯವಸಾಯ ಮತ್ತು ವಲಸೆ ಎರಡನ್ನೂ ಕೇಂದ್ರಕ್ಕೂ ಪ್ರಾಂತಗಳಿಗೂ ಕೂಡಿಯೇ ಒಪ್ಪಿಸಿದೆ. ಆದರೂ ಬಹುಕಾಲ ಕೇಂದ್ರವೇ ಈ ಕೆಲಸವನ್ನು ನಡೆಸಿಕೊಂಡು ಬಂದಿತು. ಬಂದವರಲ್ಲಿ ಬಹುಮಂದಿ ಟೊರಾಂಟೊ, ವ್ಯಾಂಕೂವರ್, ಮಾಂಟ್ರಿಯಲ್ ಎಂಬ ಮೂರು ನಗರಗಳಲ್ಲಿ ಇಳಿದು ಅಲ್ಲಿಯೇ ಉಳಿದರು. ಒಳನಾಡಿನ ಪ್ರಾಂತಗಳಲ್ಲಿ ಯುವಕರು ಊರು ಬಿಟ್ಟರು, ಮುದುಕರು ಉಳಿದರು. ಫ್ರೆಂಚ್ ನುಡಿಯ ಕ್ವಿಬೆಕ್ ಪ್ರಾಂತವು ಮೊದಲೇ ಎಚ್ಚೆತ್ತು ಕೇಂದ್ರದೊಡನೆ ಒಪ್ಪಂದ ಮಾಡಿಕೊಂಡು, ತನ್ನ ವಲಸೆಗಾರರಲ್ಲಿ ಬಹುಮಂದಿಯನ್ನು ತಾನೇ ಆರಿಸುತ್ತಿದೆ. ನುಡಿಯೊಂದು ತನ್ನ ನೆಲದಲ್ಲಿ ಕರಗಿಹೋಗುವ ಭಯ ಏನೆಂಬುದನ್ನು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ಅನಂತರ ವಿನ್ನಿಪೆಗ್ ನಗರದ ಉಡುಪಿನ ಕಾರ್ಖಾನೆಗಳಿಗೆ ಹೊಲಿಗೆಯವರು ಸಿಕ್ಕದೆ ಮ್ಯಾನಿಟೋಬ ಪ್ರಾಂತವು ಮುಂದೆ ಬಂದಿತು; 1998ರಲ್ಲಿ ಪ್ರಾಂತೀಯ ನಾಮನಿರ್ದೇಶನದ ಯೋಜನೆ ಮೊದಲಾಯಿತು. ಒಂದೊಂದಾಗಿ ಉಳಿದ ಪ್ರಾಂತಗಳೂ ಇದನ್ನು ಅನುಸರಿಸಿದವು.

ಈ ಯೋಜನೆಯಲ್ಲಿ ಬಾಗಿಲು ಎರಡು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮೊದಲನೆಯದು ಪ್ರಾಂತದ್ದು: ಈ ಮನುಷ್ಯನು ನಮಗೆ ಬೇಕು ಎಂದು ಅದು ಹೆಸರಿಸುತ್ತದೆ. ಎರಡನೆಯದು ಕೇಂದ್ರದ್ದು: ಆರೋಗ್ಯ, ನಡತೆ, ದಾಖಲೆಗಳ ಸತ್ಯತೆ ಇವನ್ನು ಪರೀಕ್ಷಿಸಿ ಹಕ್ಕನ್ನು ಕೊಡುವುದು ಅದೇ. ಪ್ರಾಂತದ ಪತ್ರ ಕೈಗೆ ಬಂದೊಡನೆ ಸಿಹಿ ಹಂಚಿ, ಇದ್ದ ಕೆಲಸಕ್ಕೆ ರಾಜೀನಾಮೆ ಕೊಡುವುದು ಅವಸರದ ಮಾತು. ಆದರೂ ಆ ಪತ್ರದ ಬಲ ಸಾಮಾನ್ಯವಾದುದಲ್ಲ. 2015ರಿಂದ ನಡೆಯುತ್ತಿರುವ 'ಎಕ್ಸ್‌ಪ್ರೆಸ್ ಎಂಟ್ರಿ' ಎಂಬ ಪಟ್ಟಿಯಲ್ಲಿ ಒಟ್ಟು ಅಂಕ 1200. ಪ್ರಾಂತದ ನಾಮನಿರ್ದೇಶನವೊಂದಕ್ಕೇ 600. ಅಂಕ ಸಾಲದೆ ವರ್ಷಗಟ್ಟಲೆ ಕಾದವನನ್ನು ಇದು ಒಮ್ಮೆಗೇ ಮುಂದಿನ ಸಾಲಿಗೆ ತಂದು ನಿಲ್ಲಿಸುತ್ತದೆ.

ಪ್ರಾಂತ ಪ್ರಾಂತಕ್ಕೂ ನಿಯಮ ಬೇರೆ. ಮ್ಯಾನಿಟೋಬವು ತನ್ನ ನೆಲದಲ್ಲಿ ನಿಮಗೆ ಬಂಧುವೋ ಸ್ನೇಹಿತನೋ ಇದ್ದಾನೆಯೇ, ಅಲ್ಲಿ ಹಿಂದೆ ಓದಿದ್ದೀರೋ ದುಡಿದಿದ್ದೀರೋ ಎಂದು ಕೇಳುತ್ತದೆ. ಅಟ್ಲಾಂಟಿಕ್ ಕಡಲ ತೀರದ ನಾಲ್ಕು ಪ್ರಾಂತಗಳಾದ ನೋವಾ ಸ್ಕೋಷಿಯ, ನ್ಯೂ ಬ್ರನ್ಸ್‌ವಿಕ್, ಪ್ರಿನ್ಸ್ ಎಡ್ವರ್ಡ್ ಐಲೆಂಡ್, ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್ ಇವುಗಳಿಗೆ ಬೇರೆಯೇ ಯೋಜನೆಯುಂಟು. 2017ರಲ್ಲಿ ಪ್ರಯೋಗವಾಗಿ ಆರಂಭವಾದ ಅದು 2022ರಲ್ಲಿ ಕಾಯಂ ಆಯಿತು. ಅಲ್ಲಿ ಅಂಕಗಳ ಪೈಪೋಟಿ ಇಲ್ಲ. ಪ್ರಾಂತ ಸರಕಾರದ ಮನ್ನಣೆ ಪಡೆದ ಧಣಿಯೊಬ್ಬನು ಕೆಲಸ ಕೊಡಬೇಕು, ಹಿಂದಿನ ಐದು ವರ್ಷಗಳಲ್ಲಿ ಒಂದು ವರ್ಷದಷ್ಟು, ಅಂದರೆ 1560 ಗಂಟೆಗಳ ಅನುಭವವಿರಬೇಕು, ಪ್ರೌಢಶಾಲೆಯ ಓದಾದರೂ ಮುಗಿದಿರಬೇಕು. ನಮ್ಮ ದಾದಿಯರಿಗೆ ಈ ಕಡಲ ತೀರ ಅಪರಿಚಿತವೇನೂ ಅಲ್ಲ. ನ್ಯೂಫೌಂಡ್‌ಲ್ಯಾಂಡಿನ ಸರಕಾರ 2022ರಲ್ಲಿ ದಾದಿಯರನ್ನು ಹುಡುಕಿಕೊಂಡು ಬೆಂಗಳೂರಿಗೆ ತನ್ನವರನ್ನು ಕಳುಹಿಸಿತು. 2023ರಲ್ಲಿ ಕೇರಳ ಸರಕಾರದ ನೋರ್ಕಾ ರೂಟ್ಸ್ ಸಂಸ್ಥೆಯೊಡನೆಯೂ ಒಪ್ಪಂದಕ್ಕೆ ಬಂದಿತು. ಗಡಿಯ ಈಚೆಗಾಗಲಿ ಆಚೆಗಾಗಲಿ ಕಲಿತ ನಮ್ಮ ಹೆಣ್ಣುಮಕ್ಕಳಿಗೆ ಎರಡೂ ಕಡೆಯ ಸುದ್ದಿ ತಿಳಿದಿರಬೇಕು.

ಇನ್ನು ನಿಪುಣನೆಂದರೆ ಯಾರು? ಪದವಿ ಪಡೆದವನು ಮಾತ್ರವೆಂಬುದು ನಮ್ಮಲ್ಲಿ ಬೇರೂರಿದ ತಪ್ಪು ಕಲ್ಪನೆ. ಕೆನಡ ಸರಕಾರವು ಲೋಕದ ಉದ್ಯೋಗಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದು, ಬೇಕಾದ ಶಿಕ್ಷಣ ತರಬೇತಿಗಳಿಗೆ ತಕ್ಕಂತೆ 0ಯಿಂದ 5ರವರೆಗೆ ಆರು ದರ್ಜೆ ಮಾಡಿದೆ. ವೆಲ್ಡರನೂ ವಿದ್ಯುತ್ ಕೆಲಸದವನೂ ಕೊಳಾಯಿ ಕೆಲಸದವನೂ ಎರಡನೆಯ ದರ್ಜೆಯಲ್ಲಿದ್ದಾರೆ, ಅಡುಗೆಯವನು ಮೂರನೆಯದರಲ್ಲಿ. ಐ.ಟಿ.ಐ. ಮುಗಿಸಿ ಹತ್ತು ವರ್ಷ ದುಡಿದವನು ಕೆಲಸವಿಲ್ಲದ ಪದವೀಧರನಿಗಿಂತ ಎಷ್ಟೋ ಮೇಲು. ಆದರೆ ದುಡಿದದ್ದಕ್ಕೆ ಸಾಕ್ಷಿ ಬೇಕು. ಇಲ್ಲಿಯೇ ನಮ್ಮವರು ಎಡವುತ್ತಾರೆ. 'ಇವನು ನಮ್ಮಲ್ಲಿ ಕೆಲಸ ಮಾಡಿದ್ದಾನೆ, ಸದ್ಗುಣಿ' ಎಂಬ ಎರಡು ಸಾಲಿನ ಪತ್ರಕ್ಕೆ ಅಲ್ಲಿ ಬೆಲೆಯಿಲ್ಲ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ವಾರಕ್ಕೆ ಎಷ್ಟು ಗಂಟೆ, ಸಂಬಳವೆಷ್ಟು, ದಿನವೂ ಮಾಡುತ್ತಿದ್ದ ಕೆಲಸಗಳಾವುವು ಎಂಬುದೆಲ್ಲ ಅದರಲ್ಲಿ ಬರಬೇಕು; ಅದು ಪಟ್ಟಿಯಲ್ಲಿ ಆ ಉದ್ಯೋಗಕ್ಕೆ ಹೇಳಿದ ಕೆಲಸಗಳೊಡನೆ ತಾಳೆಯಾಗಬೇಕು. ಹತ್ತು ವರ್ಷದ ಹಿಂದಿನ ಕಂಟ್ರಾಕ್ಟರನನ್ನು ಈಗ ಹುಡುಕಿ ಪತ್ರ ಬರೆಸುವುದು ಕಷ್ಟ. ಕೆಲಸ ಬಿಡುವ ದಿನವೇ ಬರೆಸಿಕೊಳ್ಳುವುದು ಒಳ್ಳೆಯದು. ಸಂಬಳವನ್ನು ಬ್ಯಾಂಕಿನ ಮೂಲಕ ಪಡೆಯುವುದು ಅದಕ್ಕಿಂತಲೂ ಒಳ್ಳೆಯದು.

ಮತ್ತೊಂದು ಸೂಕ್ಷ್ಮ. ವಾಸದ ಹಕ್ಕು ಬೇರೆ, ವೃತ್ತಿಯ ಪರವಾನಿಗೆ ಬೇರೆ. ದಾದಿ, ವೈದ್ಯ, ಉಪಾಧ್ಯಾಯ, ಕೆಲವು ಕೈಕಸಬಿನವರು ಆಯಾ ಪ್ರಾಂತದ ವೃತ್ತಿಮಂಡಲಿಯ ಒಪ್ಪಿಗೆ ಪಡೆಯದೆ ಕೆಲಸ ಹಿಡಿಯುವಂತಿಲ್ಲ. ಇದನ್ನು ತಿಳಿಯದೆ ಹೋಗಿ, ಎಂಜಿನಿಯರನು ಉಗ್ರಾಣದಲ್ಲಿ ಪೆಟ್ಟಿಗೆ ಎತ್ತುವುದನ್ನು ಕೇಳಿದ್ದೇವೆ.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳ ತಂದೆತಾಯಂದಿರು ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೇಳಿದ್ದು ಭಾಷೆಯ ಪರೀಕ್ಷೆಯ ವಿಚಾರ. ಕನ್ನಡ ಶಾಲೆಗೆ ಕಳುಹಿಸಿ ಮಗುವಿನ ದಾರಿಯನ್ನು ಮುಚ್ಚಿದೆವೇ ಎಂದು ತಾಯಿಯೊಬ್ಬರು ಕಣ್ಣಲ್ಲಿ ನೀರು ತಂದುಕೊಂಡರು. ಇಲ್ಲ, ಮುಚ್ಚಿಲ್ಲ. ಆ ಪರೀಕ್ಷೆಯಲ್ಲಿ ಓದಿದ ಮಾಧ್ಯಮವನ್ನು ಯಾರೂ ಕೇಳುವುದಿಲ್ಲ. ಕೇಳುವುದು, ಓದುವುದು, ಬರೆಯುವುದು, ಆಡುವುದು ಎಂಬ ನಾಲ್ಕನ್ನು ಅಳೆಯುತ್ತಾರೆ. ಅಟ್ಲಾಂಟಿಕ್ ಯೋಜನೆಯಲ್ಲಿ ಮೂರನೆಯ ದರ್ಜೆಯವರೆಗಿನ ಕೆಲಸಗಳಿಗೆ ಐ.ಇ.ಎಲ್.ಟಿ.ಎಸ್. ಪರೀಕ್ಷೆಯಲ್ಲಿ ಓದಿಗೆ 4, ಉಳಿದ ಮೂರಕ್ಕೆ 5 ಬಂದರೆ ಸಾಕು. ಕೇಂದ್ರದ ನಿಪುಣ ಕಾರ್ಮಿಕರ ಯೋಜನೆಗೆ ನಾಲ್ಕರಲ್ಲಿಯೂ 6 ಬೇಕು. ಪೈಪೋಟಿಯಲ್ಲಿ ಗೆಲ್ಲಬೇಕಾದರೆ ಇನ್ನೂ ಮೇಲೇರಬೇಕು. ಮನೆಯಲ್ಲಿ ತುಳುವೋ ಕೊಂಕಣಿಯೋ ಹವ್ಯಕವೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಪೇಟೆಯಲ್ಲಿ ಮಲಯಾಳದಲ್ಲಿ ವ್ಯವಹರಿಸುವ ನಮ್ಮ ಹುಡುಗರ ಕಿವಿ ಹೊಸ ನುಡಿಗೆ ಬೇಗ ಹೊಂದಿಕೊಳ್ಳುತ್ತದೆಂಬುದು ನನ್ನ ನಂಬಿಕೆ. ಅವರಿಗೆ ಕೊರತೆಯಿರುವುದು ವ್ಯಾಕರಣದಲ್ಲಲ್ಲ, ಕೇಳುವ ಆಡುವ ರೂಢಿಯಲ್ಲಿ. ದಿನಕ್ಕೊಂದು ಗಂಟೆಯಂತೆ ಆರು ತಿಂಗಳು ರೇಡಿಯೋ ವಾರ್ತೆ ಕೇಳಿ, ಗೆಳೆಯನೊಡನೆ ಮಾತಾಡಿ, ಪತ್ರ ಬರೆದು ತಿದ್ದಿಸಿಕೊಂಡರೆ ತುಂಬ ದೂರ ಸಾಗಬಹುದು. ಈ ಪರೀಕ್ಷೆಯಲ್ಲಿ 'ಅಕಾಡೆಮಿಕ್' ಮತ್ತು 'ಜನರಲ್ ಟ್ರೈನಿಂಗ್' ಎಂದು ಎರಡು ಬಗೆಯುಂಟು. ವಲಸೆಗೆ ಬೇಕಾದುದು ಎರಡನೆಯದು. ಫಲಿತಾಂಶಕ್ಕೆ ಎರಡೇ ವರ್ಷ ಆಯುಸ್ಸು. ಆದ್ದರಿಂದ ಉಳಿದ ಕಾಗದಗಳು ಸಿದ್ಧವಾಗುವ ಮೊದಲೇ ಬರೆದು ಮುಗಿಸುವುದು ಜಾಣತನವಲ್ಲ.

ಕಾಗದಗಳ ಮಾತು ಬಂದುದರಿಂದ ಹೆಸರಿನ ತೊಡಕನ್ನೂ ಹೇಳಬೇಕು. ನಮ್ಮಲ್ಲಿ ಶಾಲೆಯ ಪುಸ್ತಕದಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅವುಗಳ ವಿಸ್ತಾರ, ಜನನಪತ್ರದಲ್ಲಿ ಮಲಯಾಳ ಲಿಪಿಯಿಂದ ಇಂಗ್ಲಿಷಿಗೆ ಹೋಗಿ ಬದಲಾದ ಕಾಗುಣಿತ! 'ಭಟ್'ಗೆ ಒಂದೆಡೆ ಒಂದು 'ಟಿ', ಇನ್ನೊಂದೆಡೆ ಎರಡು. ಇಲ್ಲಿ ನಗುವ ಸಂಗತಿಯಾದರೂ ಅಲ್ಲಿಯ ಅಧಿಕಾರಿಗೆ ಇವರು ಇಬ್ಬರು ಮನುಷ್ಯರು. ಅರ್ಜಿ ಹಾಕುವ ಮೊದಲೇ ಇವನ್ನು ಸರಿಪಡಿಸಬೇಕು, ಕನ್ನಡ ಮಲಯಾಳಗಳ ದಾಖಲೆಗಳಿಗೆ ಅಧಿಕೃತ ಭಾಷಾಂತರ ಮಾಡಿಸಬೇಕು.

ವಯಸ್ಸಿಗೆ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ 20ರಿಂದ 29ರವರೆಗೆ ಪೂರ್ಣಾಂಕ, 45ಕ್ಕೆ ಸೊನ್ನೆ. ಹಣದ ವಿಚಾರದಲ್ಲಿ, ಹೋದ ಹೊಸತರಲ್ಲಿ ಸಂಸಾರ ತೂಗಿಸುವಷ್ಟು ಸ್ವಂತ ಹಣವಿದೆಯೆಂದು ಹಲವು ಯೋಜನೆಗಳಲ್ಲಿ ತೋರಿಸಬೇಕು. ನೆರೆಯವರಿಂದ ಕೈಗಡ ತಂದು ಒಂದು ವಾರ ಖಾತೆಯಲ್ಲಿಟ್ಟರೆ ಆಗದು. ಎಕ್ಸ್‌ಪ್ರೆಸ್ ಎಂಟ್ರಿಗೆ ಬೇಕಾದ ಬ್ಯಾಂಕಿನ ಪತ್ರದಲ್ಲಿ ಹಿಂದಿನ ಆರು ತಿಂಗಳ ಸರಾಸರಿಯೂ ಇರಬೇಕು.

ಏಜೆಂಟರ ವಿಷಯದಲ್ಲಿ ಕಟುವಾಗಿಯೇ ಮಾತನಾಡುತ್ತೇನೆ. 'ಪ್ರಾಂತದ ಪತ್ರ ಖಂಡಿತ ತರಿಸಿಕೊಡುತ್ತೇನೆ' ಎಂದು ಮಾತು ಕೊಡಬಲ್ಲವರು ಈ ಲೋಕದಲ್ಲಿ ಯಾರೂ ಇಲ್ಲ. ನೌಕರಿಯ ಪತ್ರವನ್ನು ಲಕ್ಷ ಲಕ್ಷಕ್ಕೆ ಮಾರುವವರಿದ್ದಾರೆ. ಆ ವ್ಯಾಪಾರ ಎಷ್ಟು ಬೆಳೆಯಿತೆಂದರೆ, ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ನೌಕರಿಯ ಪತ್ರಕ್ಕೆ ಕೊಡುತ್ತಿದ್ದ ಅಂಕಗಳನ್ನೇ ಕೆನಡ ಸರಕಾರ 2025ರ ಮಾರ್ಚಿನಲ್ಲಿ ತೆಗೆದುಹಾಕಿತು. ಸುಳ್ಳು ದಾಖಲೆ ಒಪ್ಪಿಸಿದವನಿಗೆ ಐದು ವರ್ಷ ಬಾಗಿಲು ಮುಚ್ಚುತ್ತದೆ. ಏಜೆಂಟನು ಮಾಡಿದ್ದು, ನನಗೆ ತಿಳಿಯದು ಎಂದರೆ ಸಾಮಾನ್ಯವಾಗಿ ನಡೆಯದು. ಹಣ ಪಡೆದು ಸಲಹೆ ಕೊಡುವ ಅಧಿಕಾರ ಆ ದೇಶದ ವಕೀಲರಿಗೂ, ಅವರಂತೆ ಸನದು ಪಡೆದ ಕೆಲವರಿಗೂ, 2021ರಲ್ಲಿ ಆರಂಭವಾದ ವಲಸೆ ಸಲಹೆಗಾರರ ಕಾಲೇಜೆಂಬ ಮಂಡಲಿಯಲ್ಲಿ ನೋಂದಾಯಿಸಿದವರಿಗೂ ಮಾತ್ರ ಉಂಟು. ಅವರ ಹೆಸರುಗಳ ಪಟ್ಟಿ ಬಹಿರಂಗವಾಗಿಯೇ ಇದೆ. ಅರ್ಜಿಯನ್ನು ಸ್ವತಃ ತುಂಬುವುದಕ್ಕೂ ಅಡ್ಡಿಯಿಲ್ಲ.

ಬಾಗಿಲು ಎಂದಿಗೂ ಒಂದೇ ಅಗಲವಾಗಿರುವುದಿಲ್ಲ. ಪ್ರಾಂತಗಳ ಮೂಲಕ ಸೇರಿಸಿಕೊಳ್ಳುವವರ ಗುರಿಯನ್ನು 2024ರಲ್ಲಿ 1,10,000 ಎಂದಿಟ್ಟಿದ್ದ ಸರಕಾರ 2025ಕ್ಕೆ 55,000ಕ್ಕೆ ಇಳಿಸಿತು. ಮನೆಗಳ ಅಭಾವ, ಬಾಡಿಗೆಯ ಏರಿಕೆ, ಜನರ ಅಸಮಾಧಾನ ಇದಕ್ಕೆ ಕಾರಣ. ಆದ್ದರಿಂದ ಹೋದ ವರ್ಷ ಹೋದವನ ಮಾತನ್ನು ಕೇಳಿ ಈ ವರ್ಷ ತೋಟ ಮಾರಬೇಡಿ.

ತೋಟದ ಮಾತೇ ಬಂದಿತು. ಹೊರದೇಶದಲ್ಲಿ ನೆಲೆಸಿದ ಭಾರತೀಯನು ನಮ್ಮ ಕಾನೂನಿನಂತೆ ವ್ಯವಸಾಯದ ಭೂಮಿಯನ್ನಾಗಲಿ ತೋಟವನ್ನಾಗಲಿ ಕ್ರಯಕ್ಕೆ ಕೊಳ್ಳುವಂತಿಲ್ಲ. ಮೊದಲೇ ಇದ್ದುದನ್ನೂ ಪಿತ್ರಾರ್ಜಿತವಾಗಿ ಬಂದುದನ್ನೂ ಇಟ್ಟುಕೊಳ್ಳಬಹುದು. ಅಂದರೆ ಇಂದು ಏಜೆಂಟನಿಗಾಗಿ ಮಾರಿದ ತೋಟವನ್ನು ನಾಳೆ ಡಾಲರು ಗಳಿಸಿಯೂ ಅವನು ತನ್ನ ಹೆಸರಿಗೆ ಮರಳಿ ಕೊಳ್ಳಲಾರನು. ಈ ಒಂದು ಸಂಗತಿಯನ್ನು ನಮ್ಮ ಮನೆಗಳಲ್ಲಿ ಬಹುಮಂದಿ ಅರಿತಿಲ್ಲ.

ಪ್ರಾಂತವು ಕರೆಯುವುದು ತನ್ನಲ್ಲಿ ಉಳಿಯಲೆಂದು. ಕಾಯಂ ನಿವಾಸಿಗೆ ಯಾವ ಪ್ರಾಂತದಲ್ಲಾದರೂ ವಾಸಿಸುವ ಸ್ವಾತಂತ್ರ್ಯವನ್ನು 1982ರ ಹಕ್ಕುಪತ್ರ ಕೊಟ್ಟಿದೆ, ನಿಜ. ಆದರೆ ಅರ್ಜಿಯಲ್ಲಿ 'ಇಲ್ಲಿಯೇ ನೆಲೆಸುವ ಉದ್ದೇಶ' ಎಂದು ಬರೆದು, ಇಳಿದ ಮರುದಿನವೇ ಟೊರಾಂಟೊಗೆ ರೈಲು ಹತ್ತುವುದು ಹಿಂದೆ ಬರುವವರ ದಾರಿಗೆ ಮುಳ್ಳು ಹಾಕುವ ಕೆಲಸ. ವಿನ್ನಿಪೆಗ್ಗಿನ ಚಳಿ ಜನವರಿಯಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೂ ಇಳಿಯುವುದುಂಟು. ಟೊರಾಂಟೊದಲ್ಲಿ ಕನ್ನಡ ಸಂಘವಿದೆ, ಯುಗಾದಿಯುಂಟು. ಹುಲ್ಲುಗಾವಲಿನ ಸಣ್ಣ ಪಟ್ಟಣದಲ್ಲಿ ನಿಮ್ಮದೇ ಒಂಟಿ ಕನ್ನಡದ ಮನೆಯಾಗಬಹುದು. ಅಲ್ಲಿ ಮಗುವಿಗೆ ಅಕ್ಷರ ತಿದ್ದಿಸುವವರು ತಾಯಿತಂದೆಗಳಲ್ಲದೆ ಬೇರಿಲ್ಲ. ಹೋಗುವವರು ಇದನ್ನು ಗಂಡಹೆಂಡಿರು ಕೂಡಿ ಮಾತಾಡಿಕೊಂಡೇ ಹೊರಡಲಿ.

ಊರಿನಲ್ಲಿ ಉಳಿಯುವ ಹಿರಿಯರಿಗೆ ಒಂದು ಮಾತು. ಮಕ್ಕಳು ನೆಲೆನಿಂತ ಮೇಲೆ ತಂದೆತಾಯಿಯರನ್ನು ಕಾಯಂ ಆಗಿ ಕರೆಸಿಕೊಳ್ಳುವ ಅವಕಾಶ ಬಹಳ ಕಿರಿದು. 'ಸೂಪರ್ ವೀಸಾ' ಎಂಬ ಏರ್ಪಾಟಿನಲ್ಲಿ ಒಮ್ಮೆಗೆ ಐದು ವರ್ಷದವರೆಗೆ ಹೋಗಿ ಇರಬಹುದು. ಅದಕ್ಕೆ ಮಗನಿಗೋ ಮಗಳಿಗೋ ನಿಗದಿಯಾದ ಆದಾಯವೂ ಹಿರಿಯರಿಗೆ ಆರೋಗ್ಯ ವಿಮೆಯೂ ಬೇಕು.

ಪ್ರಶ್ನೆಗಳಿದ್ದವರು ಸಭೆ ಮುಗಿದ ಮೇಲೆ ವಾಚನಾಲಯದ ಕೋಣೆಗೆ ದಯಮಾಡಿಸಬೇಕು. ಅರ್ಜಿಯ ಮಾದರಿಗಳನ್ನು ತಂದಿದ್ದೇನೆ. ಬರುವಾಗ ಪಾಸ್‌ಪೋರ್ಟನ್ನೂ ಹತ್ತನೆಯ ತರಗತಿಯ ಪತ್ರವನ್ನೂ ಜೊತೆಗೆ ತಂದರೆ ಹೆಸರಿನ ಕಾಗುಣಿತದಿಂದಲೇ ತೊಡಗೋಣ.