ನೀಲಿ ಹೊಗೆಯ ನಿದಾನ



ರೋಗದ ಮೂಲವನ್ನು ಅರಸುವುದಕ್ಕೆ ವೈದ್ಯರು 'ನಿದಾನ' ಎನ್ನುತ್ತಾರೆ. ಅವಸರವಿಲ್ಲದೆ ಕೆಲಸ ಮಾಡುವುದಕ್ಕೆ ನಾವೆಲ್ಲ 'ನಿಧಾನ' ಎನ್ನುತ್ತೇವೆ. ಒಂದು ಮಹಾಪ್ರಾಣದಷ್ಟೇ ಅಂತರವುಳ್ಳ ಈ ಎರಡು ಮಾತುಗಳೂ ಒಟ್ಟಿಗೆ ಬೇಕಾಗುವ ಎಡೆಯೊಂದುಂಟು. ಅದು ಹಳೆಯ ಕಾರಿನ ಬೋನೆಟ್ಟಿನ ಅಡಿ.

ಅಂಬಾಸಡರ್ ಕಾರನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನನುಸರಿಸಿ, 1950ರ ದಶಕದ ಕೊನೆಯಿಂದ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ವಾಹನದ ನಿರ್ಮಾಣ 2014ರಲ್ಲಿ ನಿಂತಿತು. ಮಂತ್ರಿಗಳನ್ನೂ ಮದುವೆಯ ದಿಬ್ಬಣವನ್ನೂ ಸಮಭಾವದಿಂದ ಹೊತ್ತ ಕಾರು ಅದು. ಅದರ 1489 ಸಿ.ಸಿ. ಪೆಟ್ರೋಲ್ ಎಂಜಿನ್ನನ್ನು ಮಮತೆಯಿಂದ ಕಾಪಾಡಿಕೊಂಡವರು ಇಂದಿಗೂ ಇದ್ದಾರೆ.

ಅಂಥ ಕಾರು ಒಂದು ದಿನ ನೀಲಿ ಹೊಗೆ ಉಗುಳುತ್ತದೆ. ನೋಡಿದವರು, "ರಿಂಗು ಹೋಗಿದೆ, ಬೋರ್ ಮಾಡಿಸಬೇಕು" ಎಂದುಬಿಡುತ್ತಾರೆ. ಹಾಗೆಂದರೆ ಎಂಜಿನ್ನನ್ನೇ ಕೆಳಗಿಳಿಸಿ ಬಿಚ್ಚುವ ಕೆಲಸ. ಖರ್ಚಿನ ಲೆಕ್ಕ ಕೇಳಿದ ಯಜಮಾನ ಕಾರನ್ನು ಗುಜರಿಗೆ ಕೊಡಲು ಮನಸ್ಸು ಮಾಡಿದರೆ ಆಶ್ಚರ್ಯವಿಲ್ಲ. ಆದರೆ ಎಷ್ಟೋ ವೇಳೆ ಅಪರಾಧಿ, ಕಿರುಬೆರಳಿನ ತುದಿಯಲ್ಲಿ ನಿಲ್ಲುವಂಥ ರಬ್ಬರಿನ ಒಂದು ಬಳೆ. ಅದೇ ವಾಲ್ವಿನ ಆಯಿಲ್ ಸೀಲು.

ಎಂಜಿನ್ನಿನ ನೆತ್ತಿಯಲ್ಲಿ ಎಂಟು ವಾಲ್ವುಗಳು ಮೇಲೆ ಕೆಳಗೆ ಆಡುತ್ತಿರುತ್ತವೆ. ಆ ಆಟಕ್ಕೆ ಎಣ್ಣೆ ಬೇಕು. ಆದರೆ ಎಣ್ಣೆ ವಾಲ್ವಿನ ಕಾಂಡದ ಗುಂಟ ಕೆಳಗಿಳಿದು ಬೆಂಕಿಯ ಕೋಣೆಯನ್ನು ಸೇರಬಾರದು. ಈ ಬಾಗಿಲು ಕಾಯುವುದೇ ಸೀಲಿನ ಕೆಲಸ. ವರ್ಷಗಟ್ಟಲೆ ಕಾವಿನಲ್ಲಿ ಬೆಂದ ರಬ್ಬರು ಗಟ್ಟಿಯಾಗಿ, ಬಿರುಕುಬಿಟ್ಟು, ಕಾವಲು ಮರೆಯುತ್ತದೆ.

ಹೊಗೆ ಬರುವ ಹೊತ್ತೇ ಮೊದಲ ಸಾಕ್ಷಿ. ರಾತ್ರಿಯೆಲ್ಲ ಎಣ್ಣೆ ಹನಿಹನಿಯಾಗಿ ಇಳಿದಿರುವುದರಿಂದ ಬೆಳಗಿನ ಮೊದಲ ಚಾಲನೆಯಲ್ಲಿ ಒಮ್ಮೆ ಹೊಗೆ ಕಾಣುತ್ತದೆ. ಆಗುಂಬೆಯಂಥ ಘಾಟಿಯನ್ನು ಗೇರಿನಲ್ಲೇ ಇಳಿಯುವಾಗ ಎಂಜಿನ್ನು ಗಾಳಿಗಾಗಿ ಹಪಹಪಿಸಿ ಎಣ್ಣೆಯನ್ನೂ ಹೀರಿಕೊಳ್ಳುತ್ತದೆ. ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದೊಡನೆ ಮತ್ತೊಮ್ಮೆ ಹೊಗೆ. ಪಿಸ್ಟನ್ ರಿಂಗು ಸವೆದಿದ್ದರೆ ಹಾಗಲ್ಲ. ಭಾರ ಎಳೆಯುವಾಗ, ಏರು ಹತ್ತುವಾಗ ಹೊಗೆ ಬಿಡದೆ ಬರುತ್ತದೆ. ಎರಡನೆಯ ಸಾಕ್ಷಿ ಕಂಪ್ರೆಶನ್ ಪರೀಕ್ಷೆ. ಒತ್ತಡ ಕಡಮೆಯಿದ್ದು, ಪ್ಲಗ್ಗಿನ ರಂಧ್ರದಲ್ಲಿ ಸ್ವಲ್ಪ ಎಣ್ಣೆ ಬಿಟ್ಟಾಗ ಏರಿದರೆ ರಿಂಗಿನ ಮೇಲೆ ಅನುಮಾನ. ನಾಲ್ಕು ಸಿಲಿಂಡರುಗಳಲ್ಲಿಯೂ ಒತ್ತಡ ಮೊದಲೇ ಸರಿಯಾಗಿದ್ದರೆ ದೃಷ್ಟಿ ಮೇಲಕ್ಕೆ ಹೋಗಬೇಕು.

ಇನ್ನು ಚಿಕಿತ್ಸೆ. ಈ ಎಂಜಿನ್ನಿನಲ್ಲಿ ರಾಕರ್ ಶಾಫ್ಟನ್ನು ಹಿಡಿದಿರುವ ನಟ್ಟುಗಳಲ್ಲಿ ಕೆಲವು ಹೆಡ್ಡನ್ನೂ ಬಿಗಿದಿರುತ್ತವೆ. ಅವನ್ನಷ್ಟೇ ಬಿಚ್ಚಿದರೆ ಹೆಡ್ಡು ಸೊಟ್ಟಗಾಗುವ ಭಯವುಂಟು. ಆದುದರಿಂದ ರೇಡಿಯೇಟರಿನ ನೀರು ಇಳಿಸಿ, ಎಲ್ಲ ನಟ್ಟುಗಳನ್ನೂ ಸರದಿಯಂತೆ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಸ್ಪ್ರಿಂಗನ್ನು ಬಿಡಿಸಿದಾಗ ವಾಲ್ವು ಸಿಲಿಂಡರಿನೊಳಕ್ಕೆ ಜಾರದಂತೆ, ಪ್ಲಗ್ಗಿನ ರಂಧ್ರದಿಂದ ಮೃದುವಾದ ಹಗ್ಗವನ್ನು ತುರುಕಿ, ಒಂದು ತುದಿಯನ್ನು ಹೊರಗೇ ಉಳಿಸಿ, ಪಿಸ್ಟನ್ನನ್ನು ಕೈಯಿಂದ ಮೇಲೇರಿಸುವ ಉಪಾಯವೊಂದಿದೆ. ಹಗ್ಗವೇ ವಾಲ್ವಿಗೆ ದಿಂಬಾಗುತ್ತದೆ. ಅಕ್ಕಪಕ್ಕದ ರಂಧ್ರಗಳನ್ನು ಬಟ್ಟೆಯಿಂದ ಮುಚ್ಚಬೇಕು. ಚಿಕ್ಕ ವಾಲ್ವ್ ಲಾಕು ಒಳಗೆ ಬಿದ್ದರೆ ದಿನವೆಲ್ಲ ಹುಡುಕಾಟ. ಸ್ಪ್ರಿಂಗನ್ನು ಒತ್ತಿಹಿಡಿದು ಲಾಕು ತೆಗೆದು, ಹಳೆಯ ಬಳೆಯನ್ನು ಬಿಡಿಸಿ, ಎಣ್ಣೆಯಲ್ಲಿ ನೆನೆಸಿದ ಹೊಸದನ್ನು ಕೂರಿಸುವುದು. ಕೊನೆಗೆ ಎಲ್ಲವನ್ನೂ ಬಿಗಿದು, ವಾಲ್ವಿನ ಅಂತರವನ್ನು ಸರಿಪಡಿಸುವಾಗ ಒಂದು ಸೊಗಸಾದ ಲೆಕ್ಕವಿದೆ: ಒಂದನೆಯದು ಪೂರ್ತಿ ತೆರೆದಾಗ ಎಂಟನೆಯದನ್ನು, ಮೂರನೆಯದು ತೆರೆದಾಗ ಆರನೆಯದನ್ನು ಅಳೆಯಬೇಕು. ಎಲ್ಲೆಲ್ಲೂ ಮೊತ್ತ ಒಂಬತ್ತು.

ಒಂದು ಎಚ್ಚರಿಕೆ. ಸ್ಪ್ರಿಂಗ್ ತೆಗೆದಾಗ ಕಾಂಡವನ್ನು ಅತ್ತಿತ್ತ ಅಲ್ಲಾಡಿಸಿ ನೋಡಬೇಕು. ಅದು ಸಡಿಲವಾಗಿ ಆಡಿದರೆ ಸವೆದಿರುವುದು ಗೈಡು ಅಥವಾ ಕಾಂಡ. ಆಗ ಹೊಸ ಸೀಲು ಕೆಲಕಾಲದ ಮರೆಯಷ್ಟೆ, ಹೆಡ್ಡನ್ನು ಇಳಿಸಲೇಬೇಕು. ಹೊಗೆಯನ್ನು ಹಾಗೆ ಮರೆಮಾಡಿ ಕಾರನ್ನು ಮಾರುವವನು ಕೊಂಡವನಿಗೆ ದ್ರೋಹ ಮಾಡಿದಂತೆ.

ಚಿಕ್ಕದಕ್ಕೆ ದೊಡ್ಡ ಚಿಕಿತ್ಸೆ, ದೊಡ್ಡದಕ್ಕೆ ಚಿಕ್ಕ ತೇಪೆ — ಎರಡೂ ನಿದಾನ ತಪ್ಪಿದ ಫಲಗಳೇ. ಒಳ್ಳೆಯ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿಯುವ ಮುನ್ನ, "ಹೊಗೆ ಯಾವಾಗ ಬರುತ್ತದೆ, ಸ್ವಾಮಿ?" ಎಂದು ಕೇಳುತ್ತಾನೆ. ಹಾಗೆ ಕೇಳುವವನು ನಿಮಗೆ ದೊರೆತಿದ್ದರೆ ಕಾರನ್ನು ನಿಶ್ಚಿಂತೆಯಿಂದ ಅವನಿಗೆ ಒಪ್ಪಿಸಬಹುದು.