ಲಾಳದ ಚರಿತ್ರೆ ಬರೆದವರು

ಕುದುರೆಗೆ ಲಾಳ ಹೊಡೆಯುವ ಕಸುಬಿಗೂ ಒಬ್ಬ ಚರಿತ್ರೆಕಾರ ಸಿಕ್ಕಿದರು. ಅವರೇ ಜಾರ್ಜ್ ಫ್ಲೆಮಿಂಗ್. 1833ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ಅವರು ಹುಡುಗರಾಗಿದ್ದಾಗಲೇ ಮ್ಯಾಂಚೆಸ್ಟರಿನ ಲಾಳದ ಕುಲುಮೆಯಲ್ಲಿ ದುಡಿದರು. ಮುಂದೆ ಪಶುವೈದ್ಯರಾಗಿ ಬ್ರಿಟಿಷ್ ಸೇನೆಯೊಡನೆ ಕ್ರಿಮಿಯಾ, ಚೀನಾ ಕಂಡರು. ಕುಲುಮೆಯನ್ನು ಮಾತ್ರ ಮರೆಯಲಿಲ್ಲ.

1869ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವರ ಲಾಳದ ಗ್ರಂಥ 600 ಪುಟ ಮೀರಿದ್ದು. ರೋಮನ್ನರು ಮೊಳೆ ಹೊಡೆದ ಲಾಳ ಬಳಸಿದ್ದರೇ ಎಂಬ ಪ್ರಶ್ನೆ ಹಿಡಿದು, ಮಣ್ಣಿನಡಿ ಸಿಕ್ಕ ತುಕ್ಕು ಕಬ್ಬಿಣವನ್ನೂ ಹಳೆಯ ಬರಹಗಳನ್ನೂ ಅವರು ತಾಳೆ ನೋಡಿದರು.

ನನಗೆ ಹೆಚ್ಚು ಹಿಡಿಸುವುದು ಅವರ ಕಾಳಜಿ. ಗೊರಸಿನ ಹೊರಗೋಡೆ ನಮ್ಮ ಉಗುರಿನಂತೆ, ಮೊಳೆ ಹೊಕ್ಕರೂ ನೋವಿಲ್ಲ. ಆದರೆ ತುಸು ಒಳಗೆ ಸರಿಯಿತೋ, ಕುದುರೆ ಕುಂಟುತ್ತದೆ. ಅಂಗಾಲನ್ನೂ ಅದರ ನಡುವಿನ ಮೆತ್ತನೆಯ ಭಾಗವನ್ನೂ ಕೆತ್ತಿ ತೆಗೆಯುವ ರೂಢಿಯನ್ನು ಅವರು ಕಟುವಾಗಿ ಖಂಡಿಸಿದರು. ಲಾಳದ ದುರುಪಯೋಗ ಎಂಬ ಮಾತು ಪುಸ್ತಕದ ಹೆಸರಿನಲ್ಲೇ ಇದೆ.

ಹೀಗೆ ಬರೆದಿಡಬೇಕಾದ ಕಸುಬು ನಮ್ಮಲ್ಲೂ ಇದೆ. ಎತ್ತನ್ನು ಕೆಡವಿ, ಕಾಲು ಕಟ್ಟಿ, ಗೊರಸಿನ ಎರಡು ಹೋಳಿಗೂ ಬೇರೆ ಬೇರೆ ಲಾಳ ಹೊಡೆಯುವವರು ಇನ್ನೂ ಅಲ್ಲಲ್ಲಿ ಇದ್ದಾರೆ. ಯಾವ ಮೊಳೆ, ಎಷ್ಟು ಆಳ, ಯಾವ ದಾರಿ ನಡೆಯುವ ಎತ್ತಿಗೆ ಎಂಥ ಲಾಳ ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವ ಕೆಲಸ ಬೇಗ ಆಗಬೇಕು.